ಕಠೋರ ತೀರ್ಪುಗಾರರ ಮುಂಗಡ ಕಣ್ಣೀರು

ಪುಣೆಯ ಮುಳಾ-ಮುಠಾ ಕನ್ನಡ ಕಲಾ ಬಳಗದ ವಾರ್ಷಿಕ ನಾಟಕ ಸ್ಪರ್ಧೆಯನ್ನು ಇನ್ನು ಮುಂದೆ ಟೀವಿಯ ಡ್ಯಾನ್ಸ್ ಸ್ಪರ್ಧೆಗಳ ಮಾದರಿಯಲ್ಲಿ ನಡೆಸತಕ್ಕದ್ದೆಂದು ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ನಿರ್ಣಯಿಸಿತು. ಹಿಂದಿನ ವರ್ಷ ವೇದಿಕೆಯ ಮೇಲೆ ನಲವತ್ತೊಂದು ಜನರೂ ವೇದಿಕೆಯ ಕೆಳಗೆ ಇಪ್ಪತ್ತಾರು ಜನರೂ ಇದ್ದದ್ದೇ ಇದಕ್ಕೆ ಕಾರಣವೆಂದು ನಡಾವಳಿಯಲ್ಲಿ ನಮೂದಾಗಿದೆ. ಆ ಇಪ್ಪತ್ತಾರರಲ್ಲಿ ಇಪ್ಪತ್ತೈದು ಮಂದಿ ಮೇಲಿದ್ದವರ ಮನೆಯವರು. ಉಳಿದ ಒಬ್ಬರು ಫಕೀರಪ್ಪ.

ಫಕೀರಪ್ಪನವರು ಗದಗಿನ ಕಡೆಯವರು. ಮಾರ್ಕೆಟ್ ಯಾರ್ಡಿನ ಒಂದು ಲಾರಿ ಕಂಪನಿಯಲ್ಲಿ ಗುಮಾಸ್ತರಾಗಿ ಸೇರಿ, ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾಗಿ, ಹಡಪಸರದಲ್ಲಿ ಮನೆ ಮಾಡಿಕೊಂಡವರು. ಮೂವತ್ತೊಂದು ವರ್ಷಗಳಿಂದ ಈ ಊರಿನಲ್ಲಿ ಅವರು ನೋಡದ ನಾಟಕವಿಲ್ಲ, ಮೆಚ್ಚಿದ ನಾಟಕವೂ ಇಲ್ಲ. ಕನ್ನಡವಿರಲಿ, ಮರಾಠಿಯಿರಲಿ, ಮೂರನೆಯ ಸಾಲಿನ ಅಂಚಿನ ಕುರ್ಚಿ ಅವರದು. ಮರುದಿನವೇ ಆ ತಂಡಕ್ಕೆ ಒಂದು ಪೋಸ್ಟ್ ಕಾರ್ಡ್ ಹೋಗುತ್ತಿತ್ತು. ಒಂದು ಪೌರಾಣಿಕ ನಾಟಕಕ್ಕೆ, ‘ರಾಜನಿಗಿಂತ ಅವನ ಕಿರೀಟ ಹೆಚ್ಚು ಚಲನಶೀಲವಾಗಿತ್ತು’ ಎಂದು ಬರೆದಿದ್ದರು. ಒಂದು ಪ್ರಯೋಗಶೀಲ ನಾಟಕಕ್ಕೆ, ‘ಬೆಳಕಿನ ವ್ಯವಸ್ಥೆ ಉತ್ತಮ. ಎರಡು ಸಲ ಪೂರ್ತಿ ಆರಿತು, ಆಗ ಹಾಯೆನಿಸಿತು’ ಎಂದು. ಯಾವ ಕಾರ್ಡಿಗೂ ಉತ್ತರ ಬಂದಿರಲಿಲ್ಲ. ತಮ್ಮ ಮಾತು ಸರಿಯಾದ ಜಾಗಕ್ಕೇ ನಾಟಿದೆ ಎನ್ನುವುದಕ್ಕೆ ಅದೇ ಪುರಾವೆಯೆಂದು ಅವರು ತಿಳಿದಿದ್ದರು.

ಟೀವಿಯ ಡ್ಯಾನ್ಸ್ ಸ್ಪರ್ಧೆಗಳ ಬಗ್ಗೆಯೂ ಅವರಿಗೆ ಅಭಿಪ್ರಾಯವಿತ್ತು. ಪ್ರತಿ ಶನಿವಾರ ಹೆಂಡತಿ ಚನ್ನಬಸವ್ವ ಟೀವಿ ಹಚ್ಚಿದೊಡನೆ ಅವರು ಪೇಪರ್ ಹಿಡಿದುಕೊಂಡು ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದೂವರೆ ನಿಮಿಷದ ಕುಣಿತಕ್ಕೆ ಹನ್ನೊಂದು ನಿಮಿಷದ ಗೋಳು. ಮೊದಲು ಹುಡುಗಿಯ ತಗಡಿನ ಮನೆ, ಆಮೇಲೆ ಅವಳ ತಾಯಿ ಕೆಮ್ಮುವುದು, ಆಮೇಲೆ ತಂದೆ ಬಾಗಿಲಲ್ಲಿ ನಿಂತು ಆಕಾಶ ನೋಡುವುದು. ತೀರ್ಪುಗಾರರು ಮೂವರು. ನಗುವುದಕ್ಕೊಬ್ಬರು, ಅಳುವುದಕ್ಕೊಬ್ಬರು, ಬಯ್ಯುವುದಕ್ಕೊಬ್ಬರು. ಬಯ್ಯುವವರೂ ಕೊನೆಗೆ ಅಳುವವರೇ. ನಡುವೆ ಈ ಕುಣಿತ ಒಂದನ್ನು ಇಟ್ಟದ್ದರಿಂದ ಪಾಪ, ಅಳುವುದಕ್ಕೆ ವೇಳೆ ಸಾಲುತ್ತಿಲ್ಲ ಎಂದು ಅವರು ಪೇಪರಿನ ಹಿಂದಿನಿಂದ ಹೇಳುತ್ತಿದ್ದರು. ನೋಡಬೇಡಿ ಎಂದರೆ ಮೊದಲು ಬಂದು ಕೂರುವವರು ನೀವೇ ಎಂದು ಚನ್ನಬಸವ್ವ ತಿರುಗಿ ನೋಡದೆಯೇ ಉತ್ತರಿಸುತ್ತಿದ್ದಳು.

ಇಂಥವರ ಮನೆಗೆ ಒಂದು ದಿನ ಬಳಗದ ಅಧ್ಯಕ್ಷ ಶಿವರಾಜರೇ ಬಂದರು. ಅವರದು ಟೈಲ್ಸಿನ ದೊಡ್ಡ ಅಂಗಡಿ. ಸ್ಪರ್ಧೆಯ ಪ್ರಾಯೋಜಕರೂ ಅವರೇ. ಹೊಸ ಮಾದರಿಯ ಪ್ರಕಾರ ನಗುವ ತೀರ್ಪುಗಾರರ ಸ್ಥಾನವನ್ನು ತಾವು ವಹಿಸಿಕೊಂಡಿರುವುದಾಗಿಯೂ, ಪತ್ನಿ ನೀತಾ ಅವರ ತಂಡವೂ ಕಣದಲ್ಲಿರುವುದರಿಂದ ಪಕ್ಷಪಾತದ ಮಾತು ಬರಬಾರದೆಂದು, ಅವರ ನಾಟಕ ನಡೆಯುವಷ್ಟು ಹೊತ್ತು ತಾವು ನಗುವುದಿಲ್ಲವೆಂದು ಸಮಿತಿಗೆ ಬರೆದುಕೊಟ್ಟಿರುವುದಾಗಿಯೂ ತಿಳಿಸಿದರು. ಅಳುವುದಕ್ಕೆ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕಿದ್ದರು. ಕಠೋರ ತೀರ್ಪುಗಾರರ ಸ್ಥಾನ ಖಾಲಿಯಿತ್ತು.

“ನಿಮಗ ಏನೂ ಕಲಸೂ ಹಂಗಿಲ್ಲರಿ ಫಕೀರಪ್ಪನವರ,” ಎಂದರು ಶಿವರಾಜ. “ನೀವು ಹ್ಯಾಂಗ ಅದೀರಿ, ಹಾಂಗ ಬಂದ್ರ ಸಾಕು.”

ಇಂಥ ತಮಾಷೆಗೆ ತಾವು ಬರುವುದಿಲ್ಲವೆಂದು ಫಕೀರಪ್ಪನವರು ಖಂಡತುಂಡವಾಗಿ ಹೇಳಿದರು. ಚಹಾ ಕುಡಿದು ಮುಗಿಯುವ ಹೊತ್ತಿಗೆ ಒಪ್ಪಿಕೊಂಡರು. ಮೂವತ್ತೊಂದು ವರ್ಷಗಳಲ್ಲಿ ಒಬ್ಬರಾದರೂ ಅವರ ಅಭಿಪ್ರಾಯವನ್ನು ಮನೆಗೆ ಬಂದು ಕೇಳಿದ್ದು ಇದೇ ಮೊದಲು. ಶಿವರಾಜರು ಹೋದ ಮೇಲೆ ಅವರು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತದ್ದನ್ನು ಚನ್ನಬಸವ್ವ ನೋಡಿದಳು.

ನಿಯಮಾವಳಿಯನ್ನು ಸಂಚಾಲಕಿ ಇಂಪನಾ ವಾಟ್ಸಾಪ್‌ನಲ್ಲಿ ಕಳಿಸಿದಳು. ಮೈಸೂರಿನ ಹುಡುಗಿ, ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ನಿಯಮಗಳು ಹೀಗಿದ್ದವು:

‘ಪ್ರತಿ ತಂಡಕ್ಕೂ ಹದಿನೈದು ನಿಮಿಷಗಳ ಅವಕಾಶವಿದ್ದು, ಅದರಲ್ಲಿ ಎಂಟು ನಿಮಿಷಗಳನ್ನು ತಮ್ಮ ಕಷ್ಟವನ್ನು ಚಿತ್ರೀಕರಿಸಿ ತೆರೆಯ ಮೇಲೆ ತೋರಿಸುವುದಕ್ಕೂ, ಉಳಿದ ಏಳು ನಿಮಿಷಗಳನ್ನು ನಾಟಕಕ್ಕೂ ಬಳಸತಕ್ಕದ್ದು. ಕಷ್ಟವಿಲ್ಲದ ತಂಡಗಳು ಹದಿನೈದು ದಿನ ಮುಂಚಿತವಾಗಿ ತಿಳಿಸಿದಲ್ಲಿ ಸಮಿತಿಯೇ ಸೂಕ್ತ ಕಷ್ಟವನ್ನು ಒದಗಿಸುವುದು. ಕಠೋರ ತೀರ್ಪುಗಾರರು ಎಲ್ಲ ತಂಡಗಳಿಗೂ ಸಮಾನವಾಗಿ ಕಠೋರರಾಗಿದ್ದು, ಸಂಜೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಒಂದು ಸಲ ಮಾತ್ರ ಕರಗತಕ್ಕದ್ದು.’

ಏಳು ನಲವತ್ತಕ್ಕೆ ಯಾರ ನಾಟಕ ಮುಗಿಯುತ್ತದೆ ಎಂದು ಫಕೀರಪ್ಪನವರು ಫೋನು ಮಾಡಿ ಕೇಳಿದರು. ನೀತಾ ಮೇಡಂ ಅವರದು ಎಂದಳು ಇಂಪನಾ. ತಮಗೆ ಹುಟ್ಟಿದಾಗಿನಿಂದ ಅಳು ಬಂದದ್ದಿಲ್ಲ, ಬಹುಶಃ ಹುಟ್ಟಿದಾಗಲೂ ಬಂದಿರಲಿಕ್ಕಿಲ್ಲ ಎಂದು ಇವರು ವಿವರಿಸಿದರು.

“ಅಂಕಲ್, ಅದೆಲ್ಲಾ ಟೆನ್ಷನ್ ತಗೋಬೇಡಿ. ಗ್ಲಿಸರಿನ್ ಇರತ್ತೆ. ಶೀಟ್‌ನಲ್ಲಿ ಆಲ್ರೆಡಿ ಲಾಕ್ ಮಾಡಿದ್ದೀನಿ.”

ಏನೇ ಆಗಲಿ, ಏಳು ನಲವತ್ತಕ್ಕೆ ಕಲ್ಲಿನಂತೆ ಕೂತುಬಿಡುವುದೆಂದು ಫಕೀರಪ್ಪನವರು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡರು. ಆದರೆ ರಾಜೀನಾಮೆ ಕೊಡಲಿಲ್ಲ.

ಸ್ಪರ್ಧೆಯ ದಿನ ಕೋಥ್ರೂಡಿನ ಬಾಡಿಗೆ ಸಭಾಗೃಹ ತುಂಬಿತ್ತು. ಗೋಡೆಗೆ ಆತು ನಿಂತವರೂ ಇದ್ದರು. ಮೊದಲನೆಯದು ಹಿಂಜವಾಡಿಯ ಯುವಕರ ತಂಡ. ಅವರ ಕಷ್ಟ ಟ್ರಾಫಿಕ್. ಕಂಪನಿಯ ಕ್ಯಾಬೊಂದು ಎಂಟು ನಿಮಿಷ ಒಂದೇ ಜಾಗದಲ್ಲಿ ನಿಂತಿರುವುದನ್ನು ತೋರಿಸಿದರು. ಸಭಾಗೃಹದಲ್ಲಿ ಅರ್ಧ ಜನ ತಮ್ಮದೇ ಬಾಳನ್ನು ಕಂಡಂತಾಗಿ ಕಣ್ಣೊರೆಸಿಕೊಂಡರು. ಆಮೇಲೆ ನಾಟಕ ನಡೆಯಲಿಲ್ಲ. ನಾಯಕನ ಪಾತ್ರದವನು ಇನ್ನೂ ವಾಕಡ್ ಸಿಗ್ನಲ್ ದಾಟಿರಲಿಲ್ಲ. ಇಂದಿನ ನಾಟಕಗಳಲ್ಲಿ ಇದು ಉತ್ತಮವಾದದ್ದೆಂದೂ, ನಡೆಯದೇ ಇರುವುದರಿಂದ ಅದರಲ್ಲಿ ದೋಷ ಕಾಣುತ್ತಿಲ್ಲವೆಂದೂ ಫಕೀರಪ್ಪನವರು ತೀರ್ಪು ಕೊಟ್ಟರು. ಜನ ಕೇಕೆ ಹಾಕಿದರು. ಎರಡನೆಯದು ಮಗರಪಟ್ಟಾದ ತಂಡ. ಅವರಿಗೆ ಕಷ್ಟವೇ ಇರಲಿಲ್ಲವಾದ್ದರಿಂದ ಸಮಿತಿಯು ಸೋರುವ ಮನೆಯನ್ನು ಮಂಜೂರು ಮಾಡಿತ್ತು. ಒಂಬತ್ತನೆಯ ಮಹಡಿಯ ಬಾಲ್ಕನಿಗೆ ತಗಡು ಹೊದಿಸಿ, ಮೇಲಿನ ಮನೆಯವರಿಂದ ಬಕೆಟ್ಟಿನಲ್ಲಿ ನೀರು ಸುರಿಸಿ ಚಿತ್ರ ತೆಗೆದಿದ್ದರು. ಹಲ್ಲಿನ ಡಾಕ್ಟರು ಚೆನ್ನಾಗಿ ಅತ್ತರು. ಫಕೀರಪ್ಪನವರು, ನಟರಿಗಿಂತ ಬಕೆಟ್ ಸಮಯಕ್ಕೆ ಸರಿಯಾಗಿ ಬಂತು ಎಂದರು. ಅವರಿಗೆ ಒಳಗೊಳಗೇ ಖುಷಿಯಾಗತೊಡಗಿತ್ತು. ಇಷ್ಟು ವರ್ಷ ಒಂಟಿಯಾಗಿ ಕಾರ್ಡಿನ ಮೇಲೆ ಬರೆದದ್ದಕ್ಕೆ ಈಗ ಆರುನೂರು ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಮೂರನೆಯದಾಗಿ ಶಿವಗಂಗವ್ವನ ಹೆಸರು ಕರೆದರು.

ಶಿವಗಂಗವ್ವನಿಗೆ ಎಪ್ಪತ್ತು ದಾಟಿತ್ತು. ಪ್ರಾಯದಲ್ಲಿ ಊರೂರು ತಿರುಗುವ ನಾಟಕ ಕಂಪನಿಗಳಲ್ಲಿದ್ದವಳು; ಕಂಪನಿಗಳು ಮುಚ್ಚಿದ ಮೇಲೆ ತಂಗಿಯ ಮಗಳ ಜೊತೆ ಪುಣೆಗೆ ಬಂದು ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದಳು. ಕಷ್ಟದ ಚಿತ್ರ ತೆಗೆಯಲು ಇಂಪನಾ ಮನೆಗೆ ಹೋದಾಗ ಆಕೆ, “ನನಗೇನ್ ತ್ರಾಸ ಇಲ್ಲವಾ. ಮೂರು ಹೊತ್ತು ಉಣ್ತೀನಿ, ನಿದ್ದಿ ಬರ್ತದ,” ಎಂದಿದ್ದಳು. ಸಮಿತಿ ಕೊಡಮಾಡಿದ ಕಷ್ಟವನ್ನೂ ಬೇಡವೆಂದಳು. ಹೀಗಾಗಿ ಆಕೆಯ ಪಾಲಿನ ಎಂಟು ನಿಮಿಷ ತೆರೆಯ ಮೇಲೆ ಶಿವರಾಜರ ಅಂಗಡಿಯ ಟೈಲ್ಸುಗಳನ್ನು ತೋರಿಸಲಾಯಿತು. ಹಲ್ಲಿನ ಡಾಕ್ಟರು ಅಭ್ಯಾಸಬಲದಿಂದ ಅದಕ್ಕೂ ಅತ್ತರು.

ಆಮೇಲೆ ಶಿವಗಂಗವ್ವ ಬಂದಳು. ಕೈಯಲ್ಲಿ ಒಂದು ಹಗ್ಗ ಬಿಟ್ಟರೆ ಬೇರೇನೂ ಇಲ್ಲ. ಸಾಕಿದ ಎಮ್ಮೆಯನ್ನು ಸಂತೆಯಲ್ಲಿ ಮಾರುವ ಮುದುಕಿಯ ಪಾತ್ರ. ಎಮ್ಮೆ ಇರಲಿಲ್ಲ, ಕೊಳ್ಳುವವನೂ ಇರಲಿಲ್ಲ. ಎಡಗಡೆಯಿಂದ ಹೋದರೆ ಇದು ಒದೆಯುತ್ತದೆ, ಬಲಗಡೆಯಿಂದ ಹೋಗು ಎಂದು ಅವನಿಗೆ ಹೇಳಿದಳು. ಬೆಳಗ್ಗೆ ಸ್ವಲ್ಪ ಮಾತಾಡಿಸಿದರೆ ಚೆನ್ನಾಗಿ ಹಿಂಡುತ್ತದೆ, ಏನು ಬೇಕಾದರೂ ಮಾತಾಡು, ನಿನ್ನ ಹೆಂಡತಿಯನ್ನು ಬಯ್ದರೂ ನಡೆಯುತ್ತದೆ ಎಂದಳು. ಜನ ನಕ್ಕರು. ಆಕೆ ಹಗ್ಗವನ್ನು ಅವನ ಕೈಗೆ ದಾಟಿಸಿದಳು. ದಾಟಿಸಿದ ಮೇಲೂ ಬೆರಳುಗಳು ಹಗ್ಗ ಹಿಡಿದಂತೆಯೇ ಮಡಿಚಿಕೊಂಡು ಉಳಿದವು. ಆಕೆ ಅದನ್ನು ನೋಡಿದಳು. ಬಿಚ್ಚಲು ಹೋಗಿ, ಬಿಚ್ಚದೆ, ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಹೊರಟಳು.

ಕನ್ನಡದ ಒಂದಕ್ಷರ ಬಾರದ ದೀಪದವನು ಗುಂಡಿ ಒತ್ತುವುದನ್ನೇ ಮರೆತು ನಿಂತಿದ್ದ. ಫಕೀರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದರಿಂದ ಪ್ರಯೋಜನವಾಗಲಿಲ್ಲ, ಒದ್ದೆ ಕನ್ನಡಕದ್ದಾಗಿರಲಿಲ್ಲ. ಅವರು ಅಳುತ್ತಿದ್ದರು, ಹೇಗೆ ನಿಲ್ಲಿಸಬೇಕೆಂದು ತಿಳಿಯದವರ ಹಾಗೆ.

ಇಂಪನಾ ಬಗ್ಗಿಕೊಂಡು ಓಡಿಬಂದಳು. “ಅಂಕಲ್, ಈಗಿನ್ನೂ ಏಳು ಹನ್ನೆರಡು!”

ತೆರೆಯ ಹಿಂದೆ ಸಮಿತಿಯ ತುರ್ತುಸಭೆ ಸೇರಿತು. ಕಷ್ಟವಿಲ್ಲದ ಸ್ಪರ್ಧಿಯೊಬ್ಬಳ ಮೇಲೆ ಸ್ಪರ್ಧೆಯ ಏಕೈಕ ಕಠೋರ ಕಣ್ಣೀರು ಅನಧಿಕೃತವಾಗಿ ವ್ಯಯವಾಗಿರುವುದನ್ನು ಸಭೆಯು ವಿಷಾದದಿಂದ ಗಮನಿಸಿತು. ಎರಡನೆಯ ಸಲ ಕರಗಲು ನಿಯಮದಲ್ಲಿ ಅವಕಾಶವಿರಲಿಲ್ಲ. ಕಡೆಗೆ, ‘ಸದರಿ ಕಣ್ಣೀರನ್ನು ಮುಂಗಡ ಕಣ್ಣೀರೆಂದು ಪರಿಗಣಿಸಿ, ಏಳು ನಲವತ್ತರ ತಂಡದ ಹೆಸರಿಗೆ ವರ್ಗಾಯಿಸತಕ್ಕದ್ದು’ ಎಂದು ತೀರ್ಮಾನವಾಯಿತು. ಕ್ಯಾಮೆರಾದವನು ಎಲ್ಲವನ್ನೂ ಹಿಡಿದಿಟ್ಟಿದ್ದರಿಂದ ತಾಂತ್ರಿಕ ತೊಂದರೆ ಏನೂ ಇರಲಿಲ್ಲ.

ನೀತಾ ಅವರ ನಾಟಕದಲ್ಲಿ ಸಾಯಲು ಮಲಗಿದ ತಾಯಿಯೊಬ್ಬಳು ಸಲಾಯಿನ್ ಬಾಟಲಿಯ ಸ್ಟ್ಯಾಂಡ್ ಹಿಡಿದುಕೊಂಡು ಹನ್ನೆರಡು ನರ್ಸುಗಳೊಂದಿಗೆ ಕುಣಿದಳು. ಶಿವರಾಜರು ಮಾತಿಗೆ ತಪ್ಪದೆ ನಗದೆ ಕೂತಿದ್ದರು. ಉಳಿದವರಿಗೆ ಅದು ಕಷ್ಟವಾಯಿತು. ಕುಣಿತ ಮುಗಿದೊಡನೆ ತೆರೆಯ ಮೇಲೆ ಫಕೀರಪ್ಪನವರ ಮುಖ ಮೂಡಿತು, ಆಳೆತ್ತರ, ಕೆನ್ನೆಯ ಮೇಲೆ ನೀರು. ತಾವು ನೀತಾ ಅವರಿಗಾಗಿ ಅಳುತ್ತಿರುವುದನ್ನು ಫಕೀರಪ್ಪನವರು ತಮ್ಮ ಕಣ್ಣಾರೆ ಕಂಡರು. ಇಡೀ ಸಭಾಗೃಹ ಎದ್ದು ನಿಂತಿತು. ಆಗ ಅವರೂ ಎದ್ದರು. ಮೈಕ್ ಕೈಗೆತ್ತಿಕೊಂಡರು.

“ಆ ಕಣ್ಣೀರು ಇವರದಲ್ಲ. ಅದು ಶಿವಗಂಗವ್ವಗ ಬಂದದ್ದು. ಮೂವತ್ತೊಂದು ವರ್ಷದಾಗ ನಾನು ನೋಡಿದ ನಾಟಕ ಅಂದ್ರ ಅದೊಂದ.”

ಆಮೇಲೆ ಹಿಂದೆಂದೂ ಕೇಳದಂಥ ಚಪ್ಪಾಳೆ. ಕರಗಿದ ಮೇಲೆ ಕಠೋರ ತೀರ್ಪುಗಾರರು ಸಿಟ್ಟಿಗೇಳುವುದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದರು. ಈತ ಅವರಿಗಿಂತ ಚೆನ್ನಾಗಿ ಮಾಡಿದ ಎಂಬ ಮಾತು ಹಿಂದಿನ ಸಾಲುಗಳಿಂದ ಕೇಳಿಬಂತು. ಇಂಪನಾ ಢಂ ಎಂಬ ಸಂಗೀತ ಹಾಕಿಸಿ, ಅವರು ಎದ್ದು ನಿಲ್ಲುವುದನ್ನು ಮೂರು ದಿಕ್ಕುಗಳಿಂದ ನಿಧಾನಗತಿಯಲ್ಲಿ ಮೂರು ಸಲ ತೋರಿಸಿದಳು. ನಾಟಕ ಮುಗಿದಿದ್ದರಿಂದ ಶಿವರಾಜರು ಮನಸಾರೆ ನಕ್ಕರು. ಫಕೀರಪ್ಪನವರು ಮೈಕ್ ಇಟ್ಟು ಹೊರನಡೆದರು. ಬಾಗಿಲಲ್ಲಿ ಏಳೆಂಟು ಜನ ಅವರನ್ನು ನಿಲ್ಲಿಸಿಕೊಂಡು ಸೆಲ್ಫಿ ತೆಗೆದರು. ನೀತಾ ಅವರಿಗೆ ಮೊದಲ ಬಹುಮಾನ ಬಂತು. ಶಿವಗಂಗವ್ವನನ್ನು ‘ಕಷ್ಟರಹಿತ ವಿಭಾಗ’ ಎಂಬ ಹೊಸ ವಿಭಾಗಕ್ಕೆ ಸೇರಿಸಿ, ಅದರಲ್ಲಿ ಬೇರೆ ಸ್ಪರ್ಧಿಗಳಿಲ್ಲದ ಕಾರಣ ವಿಭಾಗವನ್ನು ರದ್ದುಪಡಿಸಲಾಯಿತು.

ಮರುದಿನ ಫಕೀರಪ್ಪನವರು ಕ್ಷಮೆ ಕೇಳಲೆಂದು ಶಿವಗಂಗವ್ವನ ಮನೆಗೆ ಹೋದರು. ಆಕೆ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದು ಅನ್ಯಾಯ, ಘೋರ ಅನ್ಯಾಯ ಎಂದು ಇವರು ನಿಂತುಕೊಂಡೇ ಹೇಳಿದರು.

“ನಿಮ್ಮ ಸಿಟ್ಟು ಚಲೋ ಇತ್ತರಿ,” ಎಂದಳು ಆಕೆ, ರೊಟ್ಟಿ ತಿರುವಿ ಹಾಕುತ್ತ. “ಆದ್ರ ದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ.” ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು: “ಆ ಕಷ್ಟದ ಪಿಚ್ಚರಕ್ಕ ಎಂಟು ನಿಮಿಷ, ನಾಟಕಕ್ಕ ಏಳ ಅಲ್ಲರಿ?”

ಹೌದೆಂದು ಫಕೀರಪ್ಪನವರು ಹೇಳಿದರು. ಹಾಗಾದರೆ ತಾನು ತಪ್ಪು ಜಾಗದಲ್ಲಿ ಆಡಿದೆ ಎಂದಳು.

ಮುಂದಿನ ವರ್ಷ ಶಿವಗಂಗವ್ವ ಕಷ್ಟಸಮೇತ ಹೆಸರು ಕೊಟ್ಟಳು. ತೆರೆಯ ಮೇಲೆ ಆಕೆ ತನ್ನ ಬಾಳಿನ ಕಥೆ ಹೇಳಿದಳು. ಬಿಟ್ಟುಹೋದ ಗಂಡ, ಹೊಳೆಯ ಪಾಲಾದ ಮಗ, ಅವನ ಅಂಗಿಯನ್ನು ಇಂದಿಗೂ ಒಗೆದು ಒಣಹಾಕುವ ತಾನು. ಆಕೆಗೆ ಮದುವೆಯೇ ಆಗಿರಲಿಲ್ಲ. ಅಂಗಿ ಪಕ್ಕದ ಮನೆಯ ಕೇದಾರನದು. ಒದ್ದೆ ಅಂಗಿಯ ಕಾಲರನ್ನು ಆಕೆ ಹೆಬ್ಬೆರಳಿನಿಂದ ಸರಿಪಡಿಸಿದಾಗ, ಒಳಗೆ ಯಾರದೋ ಕುತ್ತಿಗೆ ಇದ್ದಂತೆ ಕಂಡಿತು. ಹಲ್ಲಿನ ಡಾಕ್ಟರನ್ನು ಇಬ್ಬರು ಹಿಡಿದು ಹೊರಗೆ ಕರೆದೊಯ್ದರು. ಮರುನೇಮಕಗೊಂಡಿದ್ದ ಫಕೀರಪ್ಪನವರು, ತಾವು ನೋಡುತ್ತಿರುವುದು ನಾಟಕವೆಂದು ಅಲ್ಲಿದ್ದ ಆರುನೂರು ಜನರಲ್ಲಿ ತಮಗೊಬ್ಬರಿಗೇ ಗೊತ್ತಿದೆಯೆಂದು ತಿಳಿದು, ಇನ್ನಷ್ಟು ಅತ್ತರು. ಸಮಿತಿಯು ಈ ಸಲ ಕರಗುವ ವೇಳೆಯನ್ನು ತೀರ್ಪುಗಾರರ ಅನುಕೂಲಕ್ಕೆ ಬಿಟ್ಟಿದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಚಿತ್ರ ಮುಗಿದು ಶಿವಗಂಗವ್ವ ವೇದಿಕೆಗೆ ಬಂದಾಗ ಜನ ಎದ್ದು ನಿಂತಿದ್ದರು. ಆಕೆ ಕೈಮುಗಿದಳು, ಚಪ್ಪಾಳೆ ನಿಲ್ಲಲಿಲ್ಲ, ಏಳು ನಿಮಿಷ ಅದರಲ್ಲೇ ಕಳೆದವು. ಆಕೆ ಒಳಗೆ ಹೋದಳು. ಮೊದಲ ಬಹುಮಾನ ಆಕೆಗೇ ಬಂತು. ಆಕೆಯ ನಾಟಕ ಯಾವುದಾಗಿತ್ತೆಂದು ಒಬ್ಬರೂ ಕೇಳಲಿಲ್ಲ.

ಈ ಅನುಭವದ ಹಿನ್ನೆಲೆಯಲ್ಲಿ, ನಾಟಕಕ್ಕೆಂದು ಮೀಸಲಿದ್ದ ಏಳು ನಿಮಿಷಗಳನ್ನು ಈ ವರ್ಷದಿಂದ ಕೈಬಿಡಲು ಸಮಿತಿಯು ನಿರ್ಧರಿಸಿದೆ. ಸಭೆಯಲ್ಲಿ ಫಕೀರಪ್ಪನವರು ಮಾತ್ರ, ಶಿವಗಂಗವ್ವನನ್ನು ನೆನೆದು, ಎದ್ದು ನಿಂತು, ಕಷ್ಟಕ್ಕೆ ಎಂಟು ನಿಮಿಷ ಸಾಲುವುದಿಲ್ಲ, ಹದಿನೈದನ್ನೂ ಅದಕ್ಕೇ ಕೊಡಬೇಕೆಂದು ಒತ್ತಾಯಿಸಿದರು. ಅವರ ಮಾತನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಇದುವರೆಗೆ ಹದಿನಾಲ್ಕು ತಂಡಗಳು ಹೆಸರು ಕೊಟ್ಟಿದ್ದು, ಹಿಗ್ಗಿಸಲು ಕಷ್ಟವೇ ಇಲ್ಲದ ಶಿವಗಂಗವ್ವನನ್ನು ಬಿಟ್ಟು ಉಳಿದ ಹದಿಮೂರೂ ತಮ್ಮ ಕಷ್ಟವನ್ನು ಹದಿನೈದು ನಿಮಿಷಕ್ಕೆ ಹಿಗ್ಗಿಸುವ ತಾಲೀಮು ಆರಂಭಿಸಿವೆ.