ಗಟ್ಟಿಮೇಳಕ್ಕೆ ಬೇಕಾದಷ್ಟು ಕೋಪ

"ಅಕ್ಕ, ಓಲಗದವರಿಗೆ ಬರೋದು ಬೇಡ ಅಂತ ಹೇಳ್ಬಿಟ್ಟೆ," ಎಂದ ನನ್ನ ತಮ್ಮ ಭೂಷಣ, ನಗುನಗುತ್ತಾ. ನನ್ನ ಮಗಳು ಮೇದಿನಿಯ ಮದುವೆ ಆ ವಾರವೇ ಇತ್ತು.

ನನಗೆ ಕೋಪ ಬರುವುದು ಹಾಲು ಉಕ್ಕಿದ ಹಾಗೆ. ಮೈಸೂರಿನ ನಮ್ಮ ಬೀದಿಗೆಲ್ಲ ಇದು ಗೊತ್ತು. "ನಿನ್ನ ತಲೆ ನೆಟ್ಟಗಿದೆಯೇನೋ" ಎಂದು ಶುರುಮಾಡಲು ಬಾಯಿ ತೆರೆದೆ. ಮಾತೇ ಹೊರಡಲಿಲ್ಲ. ಭೂಷಣ ತಾನೇ ಮಾಡಿ ತಂದು ಪಕ್ಕದಲ್ಲಿಟ್ಟುಕೊಂಡಿದ್ದ ಪೆಟ್ಟಿಗೆಗೆ ಹಸಿರು ಬಣ್ಣ ಬಳಿದ ಅಗಲವಾದ ಲೋಹದ ಬಾಯಿಯೊಂದಿತ್ತು. ಅದರೊಳಗಿಂದ ನಾಗಸ್ವರದಲ್ಲಿ ಮೋಹನ ರಾಗ ಸೊಗಸಾಗಿ ಹರಿದು ಬಂತು. ಅದು ಮುಗಿಯುವಷ್ಟರಲ್ಲಿ ನನ್ನ ಕೋಪವೂ ಮುಗಿದಿತ್ತು.

"ನೋಡಿದ್ಯಾ? ಯಾರಿಗೆ ಕೋಪ ಬಂದ್ರೂ ಇದು ಎಳ್ಕೊಂಡು ಸಂಗೀತ ಮಾಡಿ ಊದಿಬಿಡುತ್ತೆ. ಬೀಗರ ಮುನಿಸು ಇರೋವಾಗ ಬೇರೆ ಓಲಗ ಯಾಕೆ ದಂಡ!"

ಬೀಗರು ಚಿದಂಬರಯ್ಯ ಸಾಮಾನ್ಯದವರಲ್ಲ. ಹಿರಿಮಗನ ಮದುವೆಯಲ್ಲಿ ಸ್ನಾನದ ಬಿಸಿನೀರು ತಡವಾಯಿತೆಂದು ದಿಬ್ಬಣವನ್ನೇ ಎಬ್ಬಿಸಿಕೊಂಡು ಹೊರಟಿದ್ದವರು. ಅವರ ಮುನಿಸು, ನನ್ನ ಬಾಯಿ ಎರಡೂ ಒಂದೇ ಛತ್ರದಲ್ಲಿ ಸೇರಿದರೆ ಮಗಳ ಗತಿಯೇನು ಎಂದು ನನಗೆ ನಿದ್ದೆ ಹತ್ತಿರಲಿಲ್ಲ. ಹಾಗಾಗಿ ಒಪ್ಪಿಕೊಂಡೆ. ಸಾಲದ್ದಕ್ಕೆ, ಮೊಮ್ಮಗಳ ಮದುವೆಯ ಪಾಯಸ ಇದರಲ್ಲೇ ಆಗಬೇಕೆಂದು ಅಮ್ಮ ಬಿಟ್ಟುಹೋಗಿದ್ದ ಹಿತ್ತಾಳೆ ಕೊಳದಪ್ಪಲೆ ಬೇರೆ ಕಾಣೆಯಾಗಿತ್ತು. ಅಟ್ಟವೆಲ್ಲ ಜಾಲಾಡಿದರೂ ಸಿಕ್ಕಿರಲಿಲ್ಲ.

ವರಪೂಜೆಯ ಸಂಜೆ ಚಿದಂಬರಯ್ಯ ಲೋಟ ಕುಕ್ಕಿದರು. "ಇದೇನ್ರೀ, ಕಾಫಿನೋ ಕಲಗಚ್ಚೋ..." ಅಷ್ಟರಲ್ಲಿ ಪೆಟ್ಟಿಗೆಯಿಂದ ಕಲ್ಯಾಣಿ ರಾಗ ಶುರುವಾಯಿತು. ಅವರೇ ತಲೆದೂಗಿ, ತೊಡೆ ತಟ್ಟಿ ತಾಳ ಹಾಕಿದರು. ಆಮೇಲೆ ರೂಮಿನಲ್ಲಿ ಫ್ಯಾನಿಲ್ಲವೆಂದು ರೇಗಿದರು. ಭರ್ಜರಿ ಅಠಾಣ ಬಂತು.

ಅಲ್ಲಿಂದ ಶುರುವಾಯಿತು ನೋಡಿ ಜಾತ್ರೆ. ತಮ್ಮ ಕೋಪಕ್ಕೆ ಯಾವ ರಾಗ ಬರುತ್ತದೋ ಕೇಳಲು ಗಂಡಿನ ಕಡೆಯವರೆಲ್ಲ ಪೆಟ್ಟಿಗೆಯ ಮುಂದೆ ಸಾಲುಗಟ್ಟಿದರು. ಒಬ್ಬರಿಗೆ ಎಲೆಗೆ ಉಪ್ಪು ಬಡಿಸಿಲ್ಲ, ಇನ್ನೊಬ್ಬರಿಗೆ ಯಾರೂ 'ಬನ್ನಿ' ಅಂದಿಲ್ಲ. ಬೀಗಿತ್ತಿಯಂತೂ ನಾದಿನಿಯ ಮೇಲಿದ್ದ ಹಳೇ ಸಿಟ್ಟನ್ನೆಲ್ಲ ತೆಗೆದು ಒಂದು ರಾಗಮಾಲಿಕೆಯನ್ನೇ ನುಡಿಸಿಬಿಟ್ಟರು. ನಮ್ಮ ಕಡೆಯವರೇನು ಕಮ್ಮಿಯೇ? ಅವರೂ ನುಗ್ಗಿದರು, ನಾನೂ ನುಗ್ಗಿದೆ.

ಬೆಳಗಾಗುವಷ್ಟರಲ್ಲಿ ಛತ್ರದಲ್ಲಿ ಯಾರಲ್ಲೂ ಕೋಪವೆಂಬುದೇ ಉಳಿದಿರಲಿಲ್ಲ. ಪಾಯಸ ತಳ ಹಿಡಿಯಿತು. ಅಡಿಗೆ ಭಟ್ಟರು "ಹಿಡೀಲಿ ಬಿಡಿ, ಪಾಪ" ಎಂದರು. ಅಳಿಯ ಸುಧನ್ವ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟ. ಅಡ್ಡಹಾಕಿ ಕರೆತರಬೇಕಾದ ನಮ್ಮ ಯಜಮಾನರು ಕುರ್ಚಿಯಲ್ಲೇ ಕೂತಿದ್ದರು. "ಹುಡುಗ ಆಸೆಪಟ್ಟು ಹೊರಟಿದಾನೆ, ಹೋಗ್ಲಿ ಬಿಡೆ," ಎಂದರು. ನಾನೇ ಓಡಿಹೋಗಿ ಅವನನ್ನು ಬಸ್ ಸ್ಟಾಪಿನಿಂದ ಎಳೆದು ತಂದೆ. ಯಜಮಾನರ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ.

ಮುಹೂರ್ತ ಬಂತು. ಸುಧನ್ವ ತಾಳಿ ಎತ್ತಿ ಹಿಡಿದ. ಶಾಸ್ತ್ರಿಗಳು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಪೆಟ್ಟಿಗೆ ಪುಸ್ ಎಂದು ಸುಮ್ಮನಾಯಿತು.

"ಗಟ್ಟಿಮೇಳ ಇಲ್ದೆ ನಾನು ತಾಳಿ ಕಟ್ಸೋದಿಲ್ಲಮ್ಮ," ಎಂದರು ಶಾಸ್ತ್ರಿಗಳು, ಶಾಂತವಾಗಿ. "ಮುಹೂರ್ತ ಮೀರ್ತಾ ಇದೆ. ಇನ್ನೊಂದು ಮೂರು ತಿಂಗಳಿಗೆ ಸಿಗಬಹುದು."

"ಅದಕ್ಕೇನಂತೆ," ಎಂದರು ಚಿದಂಬರಯ್ಯ.

ಮೇದಿನಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು. ಆದರೆ ಸಂಕಟಕ್ಕೆ ಆ ಹಾಳು ಯಂತ್ರ ಊದುವುದಿಲ್ಲವಲ್ಲ!

ಸೋದರಮಾವನೆಂದು ಪಂಚೆ ಉಟ್ಟು ಮಗಳ ಪಕ್ಕ ನಿಂತಿದ್ದ ಭೂಷಣ ಬೆವರುತ್ತಿದ್ದ.

"ಅಕ್ಕ, ಒಂಚೂರು ಕೋಪ ಮಾಡ್ಕೋ."

"ಬರ್ತಾ ಇಲ್ಲ ಕಣೋ."

"ಓಲಗದವರನ್ನ ಬಿಡಿಸಿದ್ದು ನಾನೇ."

"ಒಳ್ಳೇದಕ್ಕೇ ಮಾಡಿದ್ದೀಯ ಬಿಡು."

"ಭಾವ ಅಳಿಯನ್ನ ತಡೀಲಿಲ್ಲ."

"ಅವರ ಸ್ವಭಾವ ಅದು, ಪಾಪ."

ಭೂಷಣ ಒಮ್ಮೆ ಮೇದಿನಿಯ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

"ಅಕ್ಕ, ಈ ಪೆಟ್ಟಿಗೆಯ ಬಾಯಿ ಇದೆಯಲ್ಲ, ಅದು ಅಮ್ಮನ ಕೊಳದಪ್ಪಲೆ. ಗರಗಸದಲ್ಲಿ ಅರ್ಧ ಕೊಯ್ದು ಬಣ್ಣ ಬಳಿದೆ."

ಮೊದಲು ನನ್ನ ಕಿವಿ ಬಿಸಿಯಾಯಿತು. ಆಮೇಲೆ ಛತ್ರದ ಹೆಂಚು ಅದುರಿತು. ಅಂಥ ಗಟ್ಟಿಮೇಳವನ್ನು ಮೈಸೂರು ಕೇಳಿರಲಾರದು. ಸುಧನ್ವ ಬೆಚ್ಚಿಬಿದ್ದು ಮೂರು ಗಂಟನ್ನೂ ಒಂದೇ ಉಸಿರಿಗೆ ಹಾಕಿದ. ಪಕ್ಕದ ಛತ್ರದಲ್ಲೂ ಅದೇ ಹೊತ್ತಿಗೆ ತಾಳಿ ಕಟ್ಟಿಸಿಬಿಟ್ಟರಂತೆ. ಅವರ ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು.

ಮೇಳ ನಿಲ್ಲಲಿಲ್ಲ, ಯಾಕೆಂದರೆ ನಾನು ನಿಲ್ಲಲಿಲ್ಲ. ಸಪ್ತಪದಿಗೂ ಗಟ್ಟಿಮೇಳ, ಊಟಕ್ಕೂ ಗಟ್ಟಿಮೇಳ. ಮಜ್ಜಿಗೆ ಬಡಿಸುವ ಹೊತ್ತಿಗೆ ಪೆಟ್ಟಿಗೆ ಹೊಗೆಯಾಡಿ, ಢಮ್ ಎಂದು ಸಿಡಿದು ತಣ್ಣಗಾಯಿತು.

ಮಗಳ ಕೊರಳಲ್ಲಿ ತಾಳಿಯಿತ್ತು. ನನ್ನ ಮನಸ್ಸು ತುಂಬಿ ಬಂದಿತ್ತು. ಭೂಷಣನ ಬೆನ್ನು ಸವರಿ ಮೆತ್ತಗೆ ಕೇಳಿದೆ: "ಹೋಗ್ಲಿ, ಕೊಳದಪ್ಪಲೆಯ ಇನ್ನರ್ಧ ಎಲ್ಲಿಟ್ಟಿದ್ದೀಯೋ? ಎರಡನ್ನೂ ಬೆಸೆಸಿದ್ರಾಯ್ತು."

"ಅದನ್ನ ಚೂರು ಮಾಡಿ ಮೊಳೆ ಮಾಡ್ಕೊಂಡೆ ಅಕ್ಕ."

ಈ ಸಲದ ಕೋಪ ಅವನಿಗೆ ರಾಗ, ತಾಳ ಯಾವುದೂ ಇಲ್ಲದೆ ನೇರವಾಗಿ ಸಿಕ್ಕಿತು.