ಅಮೀನ ದೊಡ್ಡಪ್ಪನ ಸಮನ್ಸು

ನಮ್ಮ ದೊಡ್ಡಪ್ಪ ಬೀದಿಗೆ ಕಾಲಿಟ್ಟರೆ ಹೊಸೂರಿನ ಅರ್ಧ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು ಎಂದರೆ ನೀವು ಅವರನ್ನು ಏನೆಂದುಕೊಳ್ಳುತ್ತೀರೋ! ಕುಡುಕರಲ್ಲ, ಜಗಳಗಂಟರಲ್ಲ, ಹುಚ್ಚುನಾಯಿ ಕಚ್ಚಿಸಿಕೊಂಡವರಂತೂ ಅಲ್ಲವೇ ಅಲ್ಲ. ಬಿಳಿ ಮೀಸೆ, ಮೊಳಕಾಲಿಗೆ ಬರುವ ಕಪ್ಪು ಕೋಟು, ಕಂಕುಳಲ್ಲಿ ಕೊಡೆ. ನೋಡಿದರೆ ಮದುವೆಗೆ ಹೊರಟ ಬೀಗರ ಹಾಗೆ. ಆದರೆ ಏನು ಮಾಡೋಣ, ಅವರು ತಲೆ ನೆರೆಯುವ ತನಕ ಕೃಷ್ಣಗಿರಿ ಕಡೆ ಕೋರ್ಟಿನ ಅಮೀನರಾಗಿದ್ದವರು. ಊರೂರು ಅಲೆದು ಸಮನ್ಸ್ ಜಾರಿ ಮಾಡುವುದು, ವ್ಯಾಜ್ಯ ಸೋತವರ ಮನೆಯ ಹಂಡೆ, ಚೊಂಬು, ದನ ಜಪ್ತಿ ಮಾಡುವುದು ಅವರ ಕಸುಬು. ಇಂಥವರು ಜಗಲಿ ಹತ್ತಿದರೆ ಯಾರು ತಾನೆ ಕಾಫಿಗೆ ನೀರಿಡುತ್ತಾರೆ?

ಕೊನೆಗೊಂದು ದಿನ ಅವರಿಗೆ ಪೆನ್ಷನ್ ಆಯಿತು. ದೊಡ್ಡಮ್ಮನನ್ನು ಕರೆದುಕೊಂಡು ಹೊಸೂರಿಗೆ, ನಮ್ಮ ಮನೆಗೇ ಬಂದುಬಿಟ್ಟರು. ಪೆನ್ಷನ್ ಆಗಿದ್ದು ದೊಡ್ಡಪ್ಪನಿಗೆ, ಅವರ ಕಾಲುಗಳಿಗಲ್ಲ! ಕೂತರೆ ತೊಡೆ ಅಲ್ಲಾಡುವುದು, ಮಲಗಿದರೆ ಪಾದ. "ನಿಮ್ಮ ಕಾಲಿಗೊಂದು ಒನಕೆ ಕಟ್ಟಿದ್ರೆ ನಮ್ಮನೆ ಭತ್ತನಾದ್ರೂ ಕುಟ್ಟಿ ಮುಗೀತಿತ್ತು" ಎಂದು ದೊಡ್ಡಮ್ಮ ಗೊಣಗುವರು. ಕೊತ್ತಂಬರಿ ತನ್ನಿ ಎಂದು ಬೆಳಗ್ಗೆ ಸಂತೆಗೆ ಕಳಿಸಿದರೆ ದೀಪ ಹಚ್ಚುವ ಹೊತ್ತಿಗೆ ಬಂದು, "ತಳಿಯಲ್ಲಿ ಎಳೇದು ಸಿಕ್ತು ಕಣೇ" ಎನ್ನುವರು. ಮೈಲಿಗಟ್ಟಲೆ ದೂರದ ತಳಿ ಎಂಬ ಊರಿಗೆ ನಡೆದು ಹೋಗಿ ಬರುವುದೆಂದರೇನು, ಹುಡುಗಾಟವೆ! ಆ ಕೊತ್ತಂಬರಿ ಮನೆ ಮುಟ್ಟುವಷ್ಟರಲ್ಲಿ ನಮ್ಮಜ್ಜಿಗಿಂತ ಮುದುಕಿಯಾಗಿರುತ್ತಿತ್ತು.

ಹೀಗೆ ಅಲೆಯುವಾಗಲೇ ಒಂದು ದಿನ ಊರಾಚೆಯ ಬೋರ್ಡ್ ಸ್ಕೂಲು, ಎಂದರೆ ಜಿಲ್ಲಾ ಬೋರ್ಡಿನವರು ನಡೆಸುವ ಬಿಟ್ಟಿ ಸ್ಕೂಲು, ಅವರ ಕಣ್ಣಿಗೆ ಬಿತ್ತು. ಯುದ್ಧ ನಡೆಯುತ್ತಿದ್ದ ಕಾಲ. ಸಕ್ಕರೆಗೂ ಸೀಮೆಎಣ್ಣೆಗೂ ಜನ ಸಾಲು ನಿಲ್ಲುತ್ತಿದ್ದರು, ಸ್ಕೂಲಿನ ಮುಂದೆ ಮಾತ್ರ ಸಾಲೂ ಇಲ್ಲ, ಮಕ್ಕಳೂ ಇಲ್ಲ. ಒಳಗೆ ಮೇಷ್ಟ್ರು, ನಾಲ್ಕಾರು ಮಕ್ಕಳು, ಒಂದು ಮೇಕೆ. ಮೇಕೆಯೊಂದೇ ಕಪ್ಪುಹಲಗೆಯ ಕಡೆ ಗಮನವಿಟ್ಟು ನೋಡುತ್ತಿತ್ತಂತೆ.

"ಮಕ್ಕಳೆಲ್ಲ ಎಲ್ಲಿ ಮೇಷ್ಟ್ರೇ?"

"ದನ ಕಾಯೋಕೆ, ಸೌದೆ ಆಯೋಕೆ, ತಮ್ಮತಂಗೀರನ್ನ ಎತ್ಕೊಳ್ಳೋಕೆ."

"ಉಳ್ಳವರ ಮಕ್ಕಳು?"

"ಅವರು ಫೀಸು ಕೊಟ್ಟು ಪಂತುಲುಗಾರ ಮನೆ ಜಗಲಿ ಪಾಠಕ್ಕೆ ಹೋಗ್ತಾರೆ. ಹೀಗೇ ಇದ್ರೆ ಸ್ಕೂಲು ಮುಚ್ಚಿಸ್ತೀವಿ ಅಂತ ಬೋರ್ಡಿನೋರು ಹೇಳಿ ಹೋಗಿದ್ದಾರೆ."

ದೊಡ್ಡಪ್ಪನ ಕಾಲು ತುರಿಸತೊಡಗಿತು. ಕರೆದರೂ ಬಾರದಿರುವುದು ಎಂದರೆ ಅವರ ಭಾಷೆಯಲ್ಲಿ ಒಂದೇ ಒಂದು: ಗೈರುಹಾಜರಿ! ಗೈರುಹಾಜರಿಗೆ ಮದ್ದು ಸಮನ್ಸು! ಮಾರನೆಯ ದಿನ ಬೆಳಗ್ಗೆ ಕೋಟು ಏರಿತು. ಅಮೀನರು ಎದೆಗೆ ಕಟ್ಟುವ ಹಿತ್ತಾಳೆ ಬಿಲ್ಲೆಯ ಪಟ್ಟಿಯನ್ನು ಕೋರ್ಟಿಗೆ ಒಪ್ಪಿಸಿ ಬಂದಿದ್ದರಲ್ಲ, ಅದರ ಬದಲಿಗೆ ದೊಡ್ಡಮ್ಮನ ಹಳೇ ಸೀರೆಯ ಕೆಂಪು ಅಂಚನ್ನು ಹರಿದು ಅಡ್ಡಡ್ಡ ಕಟ್ಟಿಕೊಂಡರು. ಕೇರಿಯಿಂದ ಕೇರಿಗೆ ಹೋಗಿ ಗುಡಿಸಲಿನ ಮುಂದೆ ನಿಂತು, ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿ ಗರ್ಜಿಸುವರು: "ಈ ಮನೆಯ ಮಕ್ಕಳು ನಾಳೆ ಬೆಳಗ್ಗೆ ಬೋರ್ಡ್ ಸ್ಕೂಲಿಗೆ ಹಾಜರಾಗತಕ್ಕದ್ದು! ತಪ್ಪಿದಲ್ಲಿ..."

ತಪ್ಪಿದಲ್ಲಿ ಏನು? ಜೈಲೆ? ಜಪ್ತಿಯೆ? ಒಳಗೆ ಹೆಂಗಸರು ಉಸಿರು ಬಿಗಿಹಿಡಿಯುವರು.

"ತಪ್ಪಿದಲ್ಲಿ ನಾನು ನಾಳೆ ಮತ್ತೆ ಬರತಕ್ಕದ್ದು!"

ಇದಕ್ಕಿಂತ ಘೋರ ಶಿಕ್ಷೆ ಇನ್ನೇನಿದೆ? ಮಕ್ಕಳು ಬರತೊಡಗಿದರು.

ಆದರೆ ಒಬ್ಬಳು ಬಗ್ಗಲಿಲ್ಲ. ಯಲ್ಲಿ ಎನ್ನುವ ಹುಡುಗಿಯ ಅವ್ವ ಅವಳು. ಪಲ್ಟನ್ನು ಸೇರಿ ಹೋದ ಗಂಡನ ಸುದ್ದಿಯಿಲ್ಲ. ಮನೆಯಲ್ಲಿ ತಾಯಿ, ಮಗಳು, ಒಂದು ಎಮ್ಮೆ. ಅವಳು ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಕಳಿಸ್ತೀನಿ ಸಾಮಿ, ನಾನೇನ್ ಬ್ಯಾಡ ಅಂದ್ನಾ? ನಾನು ಕೂಲಿಗೆ ಹೋಗ್ಬೇಕು, ಅವಳು ಇಸ್ಕೂಲಿಗೆ ಹೋದ್ರೆ ಎಮ್ಮೆ ಕಾಯೋರ್ಯಾರು? ನೀವ್ ಕಾಯ್ತೀರಾ?"

"ಕಾಯ್ತೀನಿ" ಎಂದುಬಿಟ್ಟರು ದೊಡ್ಡಪ್ಪ.

ಅಂದಿನಿಂದ ಹೊಸೂರಿನವರಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ಮುಂದೆ ಎಮ್ಮೆ, ಹಿಂದೆ ಕೋಟು, ಮೇಲೆ ಕೊಡೆ! ಪಾಪ, ಎಮ್ಮೆಯದು ನಿಂತಲ್ಲೇ ನಿಂತು ಧ್ಯಾನ ಮಾಡುವ ಜಾತಿ. ದೊಡ್ಡಪ್ಪನಿಗೆ ನಿಂತರೆ ಜೀವ ಹೋಗುತ್ತದೆ. ಕೆರೆಯಂಗಳದಲ್ಲಿ ಹಾಯಾಗಿ ಮೇಯಬೇಕಾದ ಪ್ರಾಣಿಯನ್ನು ಎಳೆದುಕೊಂಡು ಮೂಕಂಡಪಲ್ಲಿಗೆ ಹೋಗುವರು, ಅಲ್ಲಿಂದ ಇನ್ನೆಲ್ಲಿಗೋ ಹೋಗುವರು. ವಾರ ಕಳೆಯುವುದರೊಳಗೆ ಯಲ್ಲಿಯ ಅವ್ವ ನಮ್ಮ ಅಂಗಳದಲ್ಲಿ ನಿಂತು ಗೋಳಾಡಿದಳು: "ಸಾಮೇರಿಗೆ ವಸಿ ಹೇಳ್ರವ್ವಾ, ಎಮ್ಮೆ ಸೊರಗೋಗ್ಬುಟ್ಟದೆ! ಹಾಲು ಕರೆಯೋಕೆ ಹೋದ್ರೆ ಬರೀ ಏದುಸಿರು ಬತ್ತದೆ!"

ದೊಡ್ಡಮ್ಮ ಮಡಿ ಹೆಂಗಸು. ಕೇರಿಯವರಿಗೆ ಅಂಗಳವೇ ಕೊನೆ, ಜಗಲಿಯಿಲ್ಲ. ಆದರೂ ಅವತ್ತು ಅಂಗಳಕ್ಕಿಳಿದು ಅವಳ ಪಕ್ಕದಲ್ಲೇ ನಿಂತು, "ನನಗೆ ಗೊತ್ತು ಕಣಮ್ಮ ಎಮ್ಮೆಯ ಕಷ್ಟ. ನಾನೂ ಅವರನ್ನ ಕಟ್ಕೊಂಡಿದ್ದೀನಲ್ಲ" ಎಂದರು.

ಇನ್ನೊಂದು ದಿನ ಇವರು ಯಾರಿಗೋ ಸಮನ್ಸು ಕೂಗುತ್ತಿದ್ದಾಗ ಎಮ್ಮೆ ಪಕ್ಕದ ರಾಗಿ ಹೊಲಕ್ಕೆ ನುಗ್ಗಿತು. ಹೊಲದವರು ಅದನ್ನು ಹಿಡಿದು ಪುಂಡುದನ ಕೂಡಿಹಾಕುವ ದೊಡ್ಡಿಗೆ ಹಾಕಿದರು. ದೊಡ್ಡಪ್ಪ ಓಡಿ ಹೋದರೆ ದೊಡ್ಡಿ ಕಾಯುವವನು ಬಾಗಿಲಿಗೆ ಅಡ್ಡ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿದ.

"ಅಲ್ಲಾ ಸಾಮಿ, ಹಿಂದೆ ನಮ್ಮಪ್ಪನ ಎಮ್ಮೆ ಜಪ್ತಿ ಮಾಡ್ಕೊಂಡ್ ಹೋದೋರು ನೀವೇ ಅಲ್ವ್ರಾ?"

"ಹೌದಪ್ಪ. ನಾನೇ."

"ಕೂತ್ಕಳಿ ಹಂಗಾರೆ. ನಮ್ಮಪ್ಪನೂ ಹಿಂಗೇ ಕೋರ್ಟಿನ ಬಾಗ್ಲಾಗೆ ಕೂತಿದ್ದ."

ಸಂಜೆಯವರೆಗೆ ಕೂರಿಸಿಯೇ ಎಮ್ಮೆ ಬಿಟ್ಟ! ಜಗತ್ತಿನಲ್ಲಿ ನಮ್ಮ ದೊಡ್ಡಪ್ಪನನ್ನು ಅಷ್ಟು ಹೊತ್ತು ಒಂದೇ ಕಡೆ ಕೂರಿಸಿದ ಗಂಡಸು ಅವನೊಬ್ಬನೇ. ದೊಡ್ಡಮ್ಮ ಅವನಿಗೆ ಹೋಳಿಗೆ ಕಳಿಸಬೇಕೆಂದಿದ್ದರು.

ಇಷ್ಟಾದರೂ ನನಗೆ ಇದೆಲ್ಲ ಬರೀ ತಮಾಷೆ. ನಾನು ಪಂತುಲುಗಾರ ಜಗಲಿಯಲ್ಲಿ ಕೂತು ಬೆಲ್ಲದ ಚೂರು ಚೀಪುತ್ತ ಮಗ್ಗಿ ಹೇಳುತ್ತಿದ್ದ ಹುಡುಗಿ. ಸಮನ್ಸು ನನ್ನ ತಟ್ಟೆಗೇ ಬಂದು ಬೀಳುತ್ತದೆಂದು ಯಾರಿಗೆ ಗೊತ್ತಿತ್ತು? ಒಂದು ಬೆಳಗ್ಗೆ ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದ ಅಪ್ಪ ಕೆಲಸಕ್ಕೆ ಹೊರಡುವ ಆತುರದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ದೊಡ್ಡಪ್ಪ ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡರು.

"ನಿನ್ನ ಮಗಳು ನಾಳೆಯಿಂದ ಬೋರ್ಡ್ ಸ್ಕೂಲಿಗೆ ಹಾಜರಾಗತಕ್ಕದ್ದು."

"ಅಲ್ಲಿಗೆ ಬಡವರ ಮಕ್ಕಳು ಹೋಗ್ತಾರೆ ಅಣ್ಣಯ್ಯ. ನಮಗೇನು ಕರ್ಮ?"

"ಬಡವರ ಮಕ್ಕಳೇ ಹೋಗೋದಾದ್ರೆ ಸೂರು ಸೋರಿದ್ರೆ ಕೇಳೋರ್ಯಾರು? ಆ ಯಲ್ಲಿಯ ಅವ್ವ ಹೋಗಿ ಕೇಳಿದ್ರೆ ಬೋರ್ಡಿನೋರು ಬಾಗಿಲು ತೆಗೀತಾರಾ? ನಿನ್ನ ಮಗಳ ತಲೆ ಮೇಲೆ ಒಂದು ಹನಿ ಬೀಳಲಿ, ನೀನು ಕೋಟು ಹಾಕ್ಕೊಂಡು ಓಡ್ತೀಯ. ನೀನು ಓಡಿದ್ರೆ ಎಲ್ಲಾ ಮಕ್ಕಳ ತಲೆ ಮೇಲೂ ಹೊಸ ಹೆಂಚು ಬರುತ್ತೆ!"

"ಓಡಬೇಕಾಗುತ್ತಲ್ಲ, ಅದೇ ಅವನ ಹೆದರಿಕೆ" ಎಂದರು ದೊಡ್ಡಮ್ಮ ಒಲೆಯ ಮುಂದಿನಿಂದ.

ಅಪ್ಪ ಅಣ್ಣನ ಮಾತು ಮೀರಿದವರಲ್ಲ. ನಾನು ಅಳುತ್ತ ಹೋದೆ. ಮೇಷ್ಟ್ರು ನನ್ನನ್ನು ಯಲ್ಲಿಯ ಪಕ್ಕ ಕೂರಿಸಿದರು. ಅವಳು ನನ್ನನ್ನೊಮ್ಮೆ ನೋಡಿ, ತನ್ನ ಲಂಗ ಎಳೆದುಕೊಂಡು ಜಾಗ ಬಿಟ್ಟಳು. ಲೆಕ್ಕದಲ್ಲಿ ಅವಳು ಹುಲಿ, ನಾನು ಸೊನ್ನೆ. ಬೀದಿಯವರೊಬ್ಬರು, "ಕೇರಿ ಹುಡುಗಿ ಪಕ್ಕ ನಿಮ್ಮ ಹುಡುಗಿ ಕೂರ್ತಾಳಂತಲ್ಲ!" ಎಂದು ಅಪ್ಪನ ಮುಂದೆ ಮೂಗು ಮುರಿದಾಗ ದೊಡ್ಡಪ್ಪ, "ಲೆಕ್ಕ ನೋಡಿ ಬರೆಯೋಕೆ ಇನ್ಯಾರ ಪಕ್ಕ ಕೂರಬೇಕಿತ್ತು ಸ್ವಾಮಿ? ನಿಮ್ಮ ಮಗನ ಪಕ್ಕಾನಾ?" ಎಂದು ಕೇಳಿ ಕೊಡೆ ಬಿಚ್ಚಿಕೊಂಡು ಹೊರಟೇ ಹೋದರು.

ಮಳೆಗಾಲ ಬಂತು. ಸ್ಕೂಲು ಸೋರತೊಡಗಿತು. ಆದರೆ ಎಂಥ ದುರದೃಷ್ಟ ನೋಡಿ, ನಾನು ಕೂರುವ ಜಾಗ ಬಿಟ್ಟು ಉಳಿದೆಲ್ಲ ಕಡೆ! ಎರಡು ದಿನ ಕಾದರು ದೊಡ್ಡಪ್ಪ. ಮೂರನೆಯ ದಿನ ಮೇಷ್ಟ್ರು ಪದ್ಯ ಹೇಳಿಕೊಡುತ್ತಿದ್ದಾಗ ನನ್ನ ನೆತ್ತಿಯ ಮೇಲೆ ಸೊರ್ರೆಂದು ನೀರು ಬಿತ್ತು. ತಲೆಯೆತ್ತಿ ನೋಡಿದರೆ ಹೆಂಚಿನ ಸಂದಿಯಲ್ಲಿ ಕೊಡೆಯ ತುದಿ, ಅದರ ಹಿಂದೆ ಬಿಳಿ ಮೀಸೆ! ಮೇಷ್ಟ್ರು ನೋಡಿದರು, ಕೆಮ್ಮಿದರು, ಪದ್ಯ ಮುಂದುವರಿಸಿದರು. ನೆಗಡಿ ಹತ್ತಿದ ಮಗಳನ್ನು ಕಂಡು ಅಪ್ಪ ಕೋಟು ಹಾಕಿಕೊಂಡು ಓಡಿದರು. ಹೊಸ ಹೆಂಚು ಬಂತು. ಗುಮಾಸ್ತರ ಮಗಳೇ ಹೋಗುವಾಗ ನಮ್ಮದೇನು ಎಂದು ಬೀದಿಯ ಇನ್ನಷ್ಟು ಮಕ್ಕಳೂ ಬಂದರು. ಸ್ಕೂಲು ಮುಚ್ಚುವ ಮಾತು ಅಲ್ಲಿಗೆ ಮುಚ್ಚಿತು.

ಎಲ್ಲ ಸರಿಹೋಯಿತು ಎನ್ನುವಾಗ ಒಂದು ಸೋಮವಾರ ಯಲ್ಲಿ ಬರಲಿಲ್ಲ. ಮಂಗಳವಾರವೂ ಇಲ್ಲ. ದೊಡ್ಡಪ್ಪ ಹೋಗಿ ನೋಡಿದರೆ ಗುಡಿಸಲಿನ ಬಾಗಿಲಿಗೆ ಬೀಗದ ಬದಲು ಮುಳ್ಳು ಹಚ್ಚಿದೆ, ಗೂಟದಲ್ಲಿ ಎಮ್ಮೆ ಇಲ್ಲ. ಎಮ್ಮೆಯ ಹಾಲು ಬತ್ತಿತಂತೆ, ಮಾರಿದಳಂತೆ. ಮಿಲಿಟರಿ ಲಾರಿಗಳಿಗೆಂದು ಶೂಲಗಿರಿಯ ಹತ್ತಿರ ರಸ್ತೆ ರಿಪೇರಿ ನಡೆದಿತ್ತು. ತಾಯಿ ಮಗಳಿಬ್ಬರೂ ಅಲ್ಲಿಗೆ ಜಲ್ಲಿ ಒಡೆಯಲು ಹೋಗಿದ್ದರು.

ಅವತ್ತು ದೊಡ್ಡಪ್ಪ ಊಟಕ್ಕೆ ಕೂರಲಿಲ್ಲ. ಒಳಗೆ ಹೊರಗೆ, ಒಳಗೆ ಹೊರಗೆ. ಬೆಳಗಾದಾಗ ಅವರ ಕೋಟೂ ಇರಲಿಲ್ಲ, ಕೊಡೆಯೂ ಇರಲಿಲ್ಲ. ಆ ದಿನ ಬರಲಿಲ್ಲ. ದೊಡ್ಡಮ್ಮ ಬಾಗಿಲಿಗೂ ಬೀದಿಗೂ ಎಷ್ಟು ಸಲ ಓಡಾಡಿದರೋ! ಗಂಡನ ಕಾಲು ಅವರಿಗೇ ಬಂದಂತಿತ್ತು.

ಅಲ್ಲಿ ನಡೆದದ್ದನ್ನು ಆಮೇಲೆ ಯಲ್ಲಿಯೇ ನನಗೆ ಹೇಳಿದಳು. ರಸ್ತೆಬದಿಯಲ್ಲಿ ಅವಳು ಕಲ್ಲಿನ ರಾಶಿಯ ಮುಂದೆ ಸುತ್ತಿಗೆ ಹಿಡಿದು ಕೂತಿದ್ದಳು. ದೊಡ್ಡಪ್ಪನನ್ನು ಕಂಡ ಅವಳವ್ವ, "ಬ್ಯಾಡ ಸಾಮಿ, ಕೂಗ್ಬೇಡಿ" ಎಂದಳಂತೆ. "ಎಮ್ಮೆ ಆಗಿದ್ಕೆ ಕಾದ್ಬುಟ್ರಿ. ಈಗ ಕಲ್ಲು. ಇವಳ ಪಾಲಿನ ಕಲ್ಲು ಯಾರು ಒಡೀತಾರೆ?"

ದೊಡ್ಡಪ್ಪ ಕೋಟು ಬಿಚ್ಚಿ ಮಡಿಸಿಟ್ಟರು. ಯಲ್ಲಿಯ ಕೈಯಿಂದ ಸುತ್ತಿಗೆ ತೆಗೆದುಕೊಂಡು ಕೂತರು. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಸಂಜೆಯ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ರಾತ್ರಿ ಅಲ್ಲೇ ಮರದ ಕೆಳಗೆ ಮಲಗಿ, ಬೆಳಗ್ಗೆ ಎದ್ದು ಮತ್ತೆ ಒಡೆಯತೊಡಗಿದರು. ಸುತ್ತಿಗೆಯ ಹಿಡಿ ಕೆಂಪಾಗಿತ್ತು. ಕೊನೆಗೆ ಅವಳವ್ವನೇ ಬಂದು ಸುತ್ತಿಗೆ ಕಿತ್ತುಕೊಂಡಳು.

"ಏಳಿ ಸಾಮಿ, ಸಾಕು. ಇವಳನ್ನ ಕರ್ಕೊಂಡ್ ಹೋಗಿ. ಸಂತೆ ದಿನಕ್ಕೆ ಬಂದು ನೋಡ್ಕೊಂಡ್ ಹೋಯ್ತೀನಿ. ನನ್ ಮಗ್ಳ ಕಣ್ಣಾಗೆ ನೀರು ಕಂಡ್ರೆ ಮಾತ್ರ ಅವತ್ತೇ ವಾಪಸ್ ಕರ್ಕೊಂಡ್ ಬಂದ್ಬುಡ್ತೀನಿ, ಹೇಳಿವ್ನಿ!"

ಹೇಳಿದಂತೆ ಪ್ರತಿ ಸಂತೆಗೂ ಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ ಹೋಗುತ್ತಿದ್ದಳು. ಯಲ್ಲಿ ನನ್ನ ಜೊತೆಯಲ್ಲೇ ಐದನೆಯ ಕ್ಲಾಸು ಮುಗಿಸಿದಳು. ನನಗಿಂತ ಹೆಚ್ಚು ಮಾರ್ಕು ಎಂದು ಬೇರೆ ಹೇಳಬೇಕೆ? ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ದೊಡ್ಡಪ್ಪ, ಯಲ್ಲಿ ಇಬ್ಬರೂ ಎತ್ತಿನ ಗಾಡಿಯಿಂದ ನಮ್ಮ ಬಾಗಿಲಲ್ಲಿ ಇಳಿದ ಆ ಸಂಜೆ.

ದೊಡ್ಡಪ್ಪನ ಎರಡು ಕೈಗೂ ಪಂಚೆಯ ಚೂರು ಸುತ್ತಿತ್ತು. ಮೈಯೆಲ್ಲ ಕಲ್ಲಿನ ಧೂಳು ಮೆತ್ತಿದ ಯಲ್ಲಿ ಅವರ ಕೋಟು ಹೊತ್ತುಕೊಂಡು ಅಂಗಳದ ಅಂಚಿನಲ್ಲೇ ನಿಂತಳು. ಅಪ್ಪ ಅಮ್ಮ ಇಬ್ಬರೂ ದೊಡ್ಡಮ್ಮನ ಮುಖ ನೋಡಿದರು. ಇನ್ನೇನು ಸಿಡಿಲು ಬಿತ್ತು ಎಂದು ನಾನು ಕಂಬದ ಹಿಂದೆ ಸರಿದೆ. "ಏನ್ರೀ ಇದು..." ಎಂದು ಶುರುಮಾಡಿದ ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಿದರು. ಗಂಡನ ಕೈ ನೋಡಿದರು. ಹುಡುಗಿಯ ಕೈ ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋಗಿ ಯಲ್ಲಿಯ ಹೆಗಲು ಹಿಡಿದು, "ಬಾ ಮಗ, ಒಳಗೆ ಬಾ. ಹಂಡೇಲಿ ನೀರು ಕಾದಿದೆ" ಎಂದರು. ಯಾರನ್ನೂ ಕೇಳಲಿಲ್ಲ.

ತಲೆಗೆ ನೀರು ಹಾಕಿ, ನನ್ನ ಲಂಗ ಉಡಿಸಿ, ನಡುಮನೆಯಲ್ಲಿ ಕೂರಿಸಿದರು. ಬೋಗುಣಿಯಲ್ಲಿ ಅನ್ನಕ್ಕೆ ಬಿಸಿ ಹುರುಳಿ ಸಾರು ಕಲೆಸಿಕೊಂಡು ಬಂದು ಕೈತುತ್ತು ಹಾಕತೊಡಗಿದರು. ಮೊದಲ ತುತ್ತು ಯಲ್ಲಿಯ ಕೈಗೆ. ಅವಳು ಅದನ್ನು ನೋಡುತ್ತಲೇ ಕೂತಳು. ಎರಡನೆಯದು ನನಗೆ. ಅಷ್ಟರಲ್ಲಿ ದೊಡ್ಡಪ್ಪನೂ ಬಂದು ನಮ್ಮ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಬಲಗೈಯ ಬಟ್ಟೆ ಬಿಚ್ಚಿ, ನಮ್ಮ ಹಾಗೆಯೇ ಅಂಗೈ ಚಾಚಿದರು. ಅಂಗೈ ತುಂಬ ಒಡೆದ ಬೊಬ್ಬೆ.

ತುತ್ತು ಹಿಡಿದ ದೊಡ್ಡಮ್ಮನ ಕೈ ಅಲ್ಲೇ ನಿಂತಿತು. ಗಂಡನ ಹೆಸರನ್ನೂ ಬಾಯಲ್ಲಿ ಹೇಳದಿದ್ದ ಕಾಲ, ಅಪ್ಪ ಅಮ್ಮ ಎಲ್ಲರೂ ಎದುರಿಗಿದ್ದಾರೆ.

"ಬೇಡ, ಹುಳಿ ತಾಕಿದ್ರೆ ಉರಿಯುತ್ತೆ" ಎಂದರು ದೊಡ್ಡಮ್ಮ. "ಬಾಯಿ ತೆಗೀರಿ."