ಕುಂಬಳಕಾಯಿಯ ನೆತ್ತಿಯ ಮೇಲೆ

ಮೆಕ್ಯಾನಿಕ್ ಬೆರ್ಗಾಲಿ ಆ ಶನಿವಾರ ಬೆಳಿಗ್ಗೆ ಟಾರ್ಚು ಬಿಟ್ಟು ನೋಡದೇ ಇದ್ದಿದ್ದರೆ ಎವಾರಿಸ್ತೊ ಸುಖವಾಗಿರುತ್ತಿದ್ದ. ಅವನು ಹೋಗಿದ್ದು ಕಾರಿನ ಆಯಿಲ್ ಬದಲಾಯಿಸಿಕೊಂಡು ಬರಲು. ಆಯಿಲ್ ಬದಲಾಯಿಸುವವನು ಅಷ್ಟು ಮಾಡಿ ಸುಮ್ಮನಿರಬೇಕೋ ಬೇಡವೋ? ಬೆರ್ಗಾಲಿ ಎಂಜಿನ್ನಿನ ಪಕ್ಕದ ಮುಚ್ಚಳವನ್ನೂ ಬಿಚ್ಚಿ ಒಳಗೆ ಇಣುಕಿ ಲೊಚಗುಟ್ಟಿದ.

"ದೋನ್ ಎವಾರಿಸ್ತೊ, ಈ ಟೈಮಿಂಗ್ ಬೆಲ್ಟ್ ಯಾವ ಕಾಲದ್ದು?"

"ಕಾರಿನ ಜೊತೇಲೇ ಬಂದಿರ್ಬೇಕು. ಯಾಕೆ?"

"ಬಿರುಕು ನೋಡಿ, ನಮ್ಮಜ್ಜಿ ಹಿಮ್ಮಡಿ ಥರ ಇದೆ. ಓಡ್ತಾ ಇರೋವಾಗ ಇದು ಕಿತ್ಕೊಂಡ್ರೆ ಒಳಗಡೆ ವಾಲ್ವು, ಪಿಸ್ಟನ್ನು ಎಲ್ಲ ಗುದ್ದಾಡ್ಕೊಂಡು ಎಂಜಿನ್ನು ಸೀದಾ ಗುಜರಿಗೆ."

"ಯಾವಾಗ ಕಿತ್ಕೊಳ್ಳತ್ತೆ?"

"ಅದನ್ನ ದೇವರನ್ನೇ ಕೇಳ್ಬೇಕು. ಇವತ್ತೇ ಆಗ್ಬಹುದು, ಮುಂದಿನ ವರ್ಷಾನೂ ಆಗ್ಬಹುದು. ಈಗಲೇ ಬಿಟ್ಟು ಹೋದ್ರೆ ಊಟದ ಹೊತ್ತಿಗೆ ಹೊಸದು ಹಾಕಿಟ್ಟಿರ್ತೀನಿ."

ಅದಕ್ಕೆ ಎಷ್ಟಾಗುತ್ತದೆಂದು ಕೇಳಿ ಎವಾರಿಸ್ತೊ ಅಲ್ಲೇ ಇದ್ದ ಟೈರಿನ ಮೇಲೆ ಕುಳಿತುಬಿಟ್ಟ. "ಅಷ್ಟರಲ್ಲಿ ಇಂಥದೇ ಇನ್ನೊಂದು ಕಾರು ಬರತ್ತಲ್ಲಯ್ಯ!"

"ಹೌದು, ಮೂಗಿಗಿಂತ ಮೂಗುತಿ ಭಾರ. ನೀವೇ ಯೋಚನೆ ಮಾಡಿ," ಎಂದು ಬೆರ್ಗಾಲಿ ಕೈ ತೊಳೆದುಕೊಂಡು ತನ್ನ ಮಾತೆ ಚಹಾ ಹೀರತೊಡಗಿದ.

ಯೋಚನೆ ಮಾಡುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಎವಾರಿಸ್ತೊ ಮಾಡುತ್ತಿದ್ದ. ಅರ್ಜೆಂಟೀನಾದ ನೊಗೊಯಾ ಪಟ್ಟಣದಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಮನುಷ್ಯ ಅವನು. ಬಿಳಿ ಗುಂಡಿಯೋ ಕೆನೆಬಣ್ಣದ್ದೋ ಎಂದು ಗಿರಾಕಿ ಕೇಳಿದರೆ ಅವನಿಗೆ ಬೆವರು ಬರುತ್ತಿತ್ತು. ಅಂಥವನ ತಲೆಯ ಮೇಲೆ ಈಗ ಬೆಲ್ಟು ಬಂದು ಬಿದ್ದಿತ್ತು. ಅದೂ ಎಂಥ ದಿನ? ಆ ಸಂಜೆಯೇ ದೂರದ ಕೊಲೋನ್ ಪಟ್ಟಣದ ಚರ್ಚಿನಲ್ಲಿ ಅವನ ಮೊದಲ ಮೊಮ್ಮಗಳ ಜ್ಞಾನಸ್ನಾನ. ಮಗುವಿನ ಮೇಣದ ಬತ್ತಿ ಹಿಡಿಯುವವನು ತಾತ. ತಾತ ಬರಲಿಲ್ಲವೆಂದರೆ ಮಗಳು ರೊಸಾವುರ ಸಾಯುವ ತನಕ ಎತ್ತಿ ಆಡುತ್ತಾಳೆ, ಹೆಂಡತಿ ಎರ್ಮಿನಿಯಳಂತೂ ಅವನು ತಾನಾಗಿ ಸಾಯುವ ತನಕವೂ ಕಾಯುವುದಿಲ್ಲ.

"ಮನೇಲಿ ಕೇಳಿ ಬರ್ತೀನಿ" ಎಂದು ಕಾರು ಹೊರಡಿಸಿದ.

ಕಾರಿನ ಬಣ್ಣ ಕಿತ್ತಳೆ, ಆಕಾರ ದುಂಡಗೆ. ಊರವರು ಅದನ್ನು 'ಕುಂಬಳಕಾಯಿ' ಎಂದೇ ಕರೆಯುತ್ತಿದ್ದರು. ಕಿವಿಯನ್ನೆಲ್ಲ ಎಂಜಿನ್ನಿಗೇ ಕೊಟ್ಟು, ಹೆರಿಗೆಗೆ ಹೊರಟವಳನ್ನು ಕರೆದೊಯ್ಯುವವನಂತೆ ಅವನು ಮೆಲ್ಲಗೆ ಓಡಿಸಿದ. ನಾಯಿಯೊಂದು ಪಕ್ಕದಲ್ಲಿ ಸ್ವಲ್ಪ ದೂರ ಬಂದು, ಬೇಸರವಾಗಿ ಮುಂದೆ ಹೋಯಿತು. ಜನವರಿಯ ನಡುಬೇಸಿಗೆಯ ಸುಡುಬಿಸಿಲಿಗೆ ಎಂಜಿನ್ನು ಕುದಿಯಿತು. ಚೌಕದ ಬಳಿ ನಿಲ್ಲಿಸಿ, ನಲ್ಲಿಯಿಂದ ಪ್ಲಾಸ್ಟಿಕ್ ಕ್ಯಾನಿಗೆ ನೀರು ಹಿಡಿದು ರೇಡಿಯೇಟರಿಗೆ ಸುರಿದ. ಮತ್ತೆ ಬೇಕಾದೀತೆಂದು ಕ್ಯಾನು ತುಂಬಿಸಿ ಕಾರಿನ ಮೇಲಿಟ್ಟು ಬಾನೆಟ್ ಮುಚ್ಚುವಾಗ ಒಳಗೆ 'ಟಿಕ್' ಎಂದಿತು. ಬೆಲ್ಟು ಕಿತ್ತುಕೊಳ್ಳುವ ಮೊದಲು ಮನೆ ಸೇರಬೇಕೆಂದು ಹಾರಿ ಕುಳಿತು ಹೊರಟೇಬಿಟ್ಟ. ಕ್ಯಾನು ನೆತ್ತಿಯ ಮೇಲೆಯೇ ಉಳಿಯಿತು. ಅವನು ಓಡಿಸುತ್ತಿದ್ದ ವೇಗಕ್ಕೆ ಅದು ಅಲುಗಲೂ ಇಲ್ಲ.

ಬೇಕರಿಯ ದೋನ್ಯಾ ಕ್ಲೊತಿಲ್ದೆ ರಸ್ತೆಗೇ ಇಳಿದು ಕೈ ಅಡ್ಡ ಹಿಡಿದಳು. "ಅಂತೂ ಮನಸ್ಸು ಗಟ್ಟಿ ಮಾಡಿದ್ರಿ! ಎಷ್ಟಕ್ಕೆ?"

ಎವಾರಿಸ್ತೊ ಬ್ರೇಕು ಒತ್ತಿದ. ಬೆರ್ಗಾಲಿ ಇಷ್ಟು ಬೇಗ ಊರಿಗೆಲ್ಲ ಟಾಂಟಾಂ ಹೊಡೆದುಬಿಟ್ಟನೇ? "ಎಷ್ಟಕ್ಕೆ ಅಂದ್ರೆ... ತುಂಬಾನೇ ಹೇಳ್ತಿದ್ದಾನೆ, ದೋನ್ಯಾ. ನಾನಿನ್ನೂ ತೀರ್ಮಾನ ಮಾಡಿಲ್ಲ."

"ತೀರ್ಮಾನ ಮಾಡ್ದೇನೇ ಊರಿಗೆಲ್ಲ ತೋರಿಸ್ಕೊಂಡು ಹೊರಟ್ರಾ? ಒಳ್ಳೇ ಗಂಡಸು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮುಂದಿನ ತಿರುವಿನಲ್ಲಿ ಮೋಟಾರ್ ಬೈಕಿನವನೊಬ್ಬ ಕಿಟಕಿಗೆ ಬಗ್ಗಿ, "ಒಳಗಡೆ ಎಲ್ಲ ಸರಿ ಇದ್ಯಾ ಮಾವ?" ಎಂದ. "ಬಿರುಕು ಹೊರಗಿಂದಲೂ ಕಾಣತ್ತೇನಪ್ಪಾ?" ಎಂದು ಎವಾರಿಸ್ತೊ ಗೋಗರೆದ. ಬೈಕಿನವನು ಏನೊಂದೂ ಅರ್ಥವಾಗದೆ ಹೊರಟುಹೋದ.

ಮನೆಯ ಮುಂದೆ ನಿಲ್ಲಿಸಿದರೆ, ಪಕ್ಕದ ಔಷಧಿ ಅಂಗಡಿಯ ದೋನ್ ಉಲ್ಪಿಯಾನೊ ಆಗಲೇ ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

"ನೆರೆಮನೆಯವನಿಗೆ ಒಂದು ಮಾತು ಹೇಳ್ಬಾರ್ದಿತ್ತಾ? ನಾನೇ ತಗೋತಿದ್ದೆ. ಹಿತ್ತಲಲ್ಲಿ ಕೋಳಿ ಕೂಡಿಹಾಕಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು!"

"ಯಾರು ಹೇಳಿದ್ದು ನಾನು ಮಾರ್ತೀನಿ ಅಂತ?" ಎವಾರಿಸ್ತೊ ಕಿರುಚಿದ.

"ನಿನ್ನ ಕಾರೇ ಹೇಳ್ತಿದೆ. ನೆತ್ತಿ ನೋಡ್ಕೋ!"

ನೋಡಿಕೊಂಡ. ನಮ್ಮ ಅರ್ಜೆಂಟೀನಾದಲ್ಲಿ ಕಾರಿನ ಮೇಲೆ ಕ್ಯಾನೋ ಬಾಟಲಿಯೋ ಕುಳಿತಿದ್ದರೆ ಕಾರು ಮಾರಾಟಕ್ಕಿದೆ ಎಂದೇ ಅರ್ಥ, ಬೇರೆ ಬೋರ್ಡು ಬೇಕಿಲ್ಲ. ಅವನು ಅರ್ಧ ಊರಿಗೆ ಡಂಗುರ ಸಾರಿಕೊಂಡು ಬಂದಿದ್ದ.

ನಾಚಿಕೆಯಿಂದ ಕ್ಯಾನು ಇಳಿಸಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಮಾರಿದರೆ? ಬೆಲ್ಟಿನ ಗೋಳೂ ಇಲ್ಲ, ಹೆದ್ದಾರಿಯ ನಡುವೆ ನಿಲ್ಲುವ ಭಯವೂ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಹೋದರಾಯಿತು. ರೊಸಾವುರಳನ್ನು ಹಸುಗೂಸಾಗಿದ್ದಾಗ ಆಸ್ಪತ್ರೆಯಿಂದ ತಂದದ್ದು ಇದೇ ಕಾರಿನಲ್ಲಿ ಎಂಬುದು ನೆನಪಾಗಿ ಅವನಿಗೆ ಅಳು ಬರುವಂತಾಯಿತು. ಆದರೆ ಭಯ ಅಳುವಿಗಿಂತ ದೊಡ್ಡದು.

ಅಷ್ಟರಲ್ಲಿ ಸೈಕಲ್ಲಿನಲ್ಲಿ ನಿಲುವಂಗಿ ಎತ್ತಿಕಟ್ಟಿಕೊಂಡು ಬಂದರು ಫಾದರ್ ಗೌದೆನ್ಸಿಯೊ, ಊರ ಚರ್ಚಿನ ಪಾದ್ರಿ.

"ಎವಾರಿಸ್ತೊ, ಯಾರಿಗೂ ಕೊಟ್ಟಿಲ್ಲ ತಾನೆ? ನಮ್ಮ ಹೆಂಗಸರು ಎಂಪನಾದ ಕಡುಬು ಮಾರಿ ಮಾರಿ ಚರ್ಚಿಗೊಂದು ಗಾಡಿಗೆ ಅಂತ ಹಣ ಕೂಡಿಸಿದ್ದಾರೆ. ಹಳ್ಳೀಲಿ ಯಾರಾದ್ರೂ ಸಾಯ್ತಿದ್ದಾರೆ ಅಂದ್ರೆ ನಾನು ಸೈಕಲ್ ತುಳ್ಕೊಂಡು ಹೋಗೋ ಹೊತ್ತಿಗೆ ಅವರು ಗುಣವಾಗಿ ಎದ್ದು ಕೂತಿರ್ತಾರೆ." ಆಮೇಲೆ ದನಿ ತಗ್ಗಿಸಿದರು. "ಒಂದೇ ಒಂದು ಕೇಳ್ತೀನಿ. ನಮ್ಮ ಹಿಂದಿನ ಗಾಡಿ ಅದರಿಂದಲೇ ಸತ್ತಿದ್ದು. ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೀಯಾ?"

ಬದುಕಿನಲ್ಲಿ ಯಾವುದಕ್ಕೂ ತಟ್ಟನೆ ಉತ್ತರ ಕೊಡದ ಎವಾರಿಸ್ತೊ ಇದಕ್ಕೆ ಕೊಟ್ಟ.

"ಮೊನ್ನೆ ತಾನೇ, ಫಾದರ್."

ಫಾದರ್ ಹಣ ಕೊಟ್ಟರು, ಕಾಗದ ಪತ್ರ ಸೋಮವಾರ ಮಾಡಿಸೋಣ ಎಂದರು, ಸೈಕಲ್ಲನ್ನು ಕಾರಿನ ಹಿಂದೆ ತುರುಕಿ ಹೊರಟರು. ಕ್ಯಾನು ಮಾತ್ರ ಎವಾರಿಸ್ತೊನ ಕೈಯಲ್ಲಿ ಉಳಿಯಿತು. ಎದೆಯ ಮೇಲಿಂದ ಚಪ್ಪಡಿಕಲ್ಲು ಇಳಿಸಿದಂತೆ ಹಗುರಾಯಿತು, ಮರುಕ್ಷಣವೇ ಎಂಪನಾದ ಕರಿದ ಹೆಂಗಸರು ನೆನಪಾದರು. ಸೋಮವಾರ ಫಾದರ್ ಬಳಿ ಎಲ್ಲ ಹೇಳಿ ಹಣ ವಾಪಸು ಕೊಟ್ಟುಬಿಡುತ್ತೇನೆ, ಇವತ್ತು ಮೊಮ್ಮಗಳ ಕೆಲಸ ಮುಗಿಯಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಊಟವಾದ ಮೇಲೂ ಎರ್ಮಿನಿಯಳ ಪತ್ತೆಯಿಲ್ಲ. ಕೊನೆಗೆ ಕೂದಲು ಸೆಟ್ ಮಾಡಿಸಿಕೊಂಡು ನಗುನಗುತ್ತಾ ಬಂದಳು.

"ಎರ್ಮಿನಿಯ, ಒಂದು ವಿಷಯ... ಬಸ್ಸಲ್ಲಿ ಹೋಗೋಣ ಅಂತ..."

"ಯಾವ ಬಸ್ಸು ಮುದುಕ? ಟಿಕೆಟ್ಟೆಲ್ಲ ಖಾಲಿ, ನಾನು ವಿಚಾರಿಸ್ಕೊಂಡೇ ಬಂದೆ. ನೀನೇನೂ ಹೇಳೋದೇ ಬೇಡ, ದಾರೀಲಿ ಫಾದರ್ ಸಿಕ್ಕಿ ಎಲ್ಲ ಹೇಳಿದ್ರು. ಹೊಸ ಬೆಲ್ಟು ಹಾಕಿಸಿ ಚರ್ಚಿಗೆ ಕೊಟ್ಯಂತೆ! ಇಷ್ಟು ವರ್ಷ ಸಂಸಾರ ಮಾಡಿದೀನಿ, ನಿನ್ನ ಬಗ್ಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರ್ಲಿಲ್ಲ. ರೊಸಾವುರಂಗೆ ಜ್ಞಾನಸ್ನಾನ ಮಾಡಿಸಿದ್ದೂ ಅವರೇ ಅಲ್ವಾ, ಅದಕ್ಕೆ 'ನಾನೂ ಬರ್ತೀನಿ, ನಿಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ' ಅಂದ್ರು."

ಹೊರಗೆ ಕುಂಬಳಕಾಯಿ ಹಾರನ್ ಹೊಡೆಯಿತು.

ಎರ್ಮಿನಿಯ ಹಿಂದೆ ಕುಳಿತು ಮಡಿಲಲ್ಲಿ ಕೇಕು ಇಟ್ಟುಕೊಂಡಳು. ಎವಾರಿಸ್ತೊನನ್ನು ಮುಂದೆ ಕೂರಿಸಿದರು. ಹೊರಟಾಗಲೇ ತಡವಾಗಿತ್ತು. ಹೆದ್ದಾರಿ ಸೇರುತ್ತಲೇ ಫಾದರ್ ನಿಲುವಂಗಿಯ ತೋಳು ಮೇಲೇರಿಸಿ ವೇಗ ಹೆಚ್ಚಿಸಿದರು.

"ಮೆಲ್ಲಗೆ ಫಾದರ್, ಅವಸರ ಏನಿದೆ..."

"ಹೊಸ ಬೆಲ್ಟಿದೆಯಲ್ಲೋ, ಭಯ ಯಾಕೆ?"

ಎಂಜಿನ್ನು ಊಳಿಡತೊಡಗಿತು. ಅದರೊಳಗೆಲ್ಲೋ 'ಟಿಕ್' ಎಂದಿತು. ಎವಾರಿಸ್ತೊ ಹಿಂದೆ ತಿರುಗಿ ನೋಡಿದ. ಎರ್ಮಿನಿಯ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದಳು. ಅವನು ಪಾದ್ರಿಯ ಕಿವಿಗೆ ಬಾಗಿದ.

"ಫಾದರ್, ನಾನು ಪಾಪನಿವೇದನೆ ಮಾಡ್ಬೇಕು. ಈಗಲೇ."

"ಗಾಡಿ ಓಡಿಸುವಾಗ ನಾನು ಪಾಪನಿವೇದನೆ ಕೇಳೋದಿಲ್ಲ ಮಗನೇ, ಅಪಾಯ," ಎನ್ನುತ್ತಾ ಫಾದರ್ ಗೌದೆನ್ಸಿಯೊ ಆಕ್ಸಿಲರೇಟರ್ ಇನ್ನಷ್ಟು ತುಳಿದರು. "ಕೊಲೋನ್ ತಲುಪಿದ ಮೇಲೆ ನಿಧಾನವಾಗಿ ಹೇಳು."